ನೀರು ಹಾಕುವ ಅಜ್ಜಿಯ ಕಾಲ ಮೇಲೆ

ನಮ್ಮ ಬೀದಿಯಲ್ಲಿ ನಲವತ್ತು ವರ್ಷದೊಳಗಿನ ಎಲ್ಲರನ್ನೂ ಬರಿಮೈಯಲ್ಲಿ ಕಂಡಿದ್ದ ಹೆಂಗಸು ಹೋದ ವಾರ ತೀರಿಕೊಂಡಳು. ಅಜ್ಜಂಪುರದ ನಮ್ಮ ಕಡೆಯವರಿಗೆಲ್ಲ ಅವಳು ನೀರು ಹಾಕೋ ಅಜ್ಜಿ. ಸ್ವಂತ ಹೆಸರೂ ಇತ್ತು, ಓಟಿನ ಪಟ್ಟಿಯಲ್ಲಿ ನೋಡಿದ್ದೇನೆ. ಆ ಹೆಸರು ಹಿಡಿದು ಯಾರೂ ಕರೆದದ್ದು ಕೇಳಿಲ್ಲ. ಇಲ್ಲಿ ಬರೆದರೆ ನನಗೇ ಬೇರೆ ಯಾರನ್ನೋ ಕುರಿತು ಬರೆಯುತ್ತಿದ್ದೇನೆ ಅನ್ನಿಸುತ್ತದೆ, ಬಿಡಿ.

ಹುಟ್ಟಿದ ಕೂಸಿಗೆ ಎಣ್ಣೆ ನೀವಿ ನೀರು ಹಾಕುವುದು ಅವಳ ಕೆಲಸ. ಹನ್ನೊಂದನೆಯ ದಿನ ಶುರುವಾದರೆ ಮೂರು ತಿಂಗಳು ತುಂಬುವವರೆಗೆ ದಿನಾ ಬರುತ್ತಿದ್ದಳು. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಸೀರೆ ತೊಡೆಯವರೆಗೆ ಎತ್ತಿ ಕಟ್ಟಿ, ಎರಡೂ ಕಾಲು ನೀಳವಾಗಿ ಚಾಚಿ ಕೂರುವಳು. ಆ ಕಾಲುಗಳ ಮೇಲೆ ಕೂಸು. ಎಣ್ಣೆ, ಕಡಲೆಹಿಟ್ಟು, ಹಂಡೆಯ ಬಿಸಿನೀರು. ಎಲ್ಲ ಮುಗಿದ ಮೇಲೆ ಒಂದು ಬೊಗಸೆ ನೀರನ್ನು ಕೂಸಿನ ತಲೆ ಸುತ್ತ ನಿವಾಳಿಸಿ ಮೂಲೆಗೆ ಎರಚಿ, ಬಾಣಂತಿಗೆ ಕೇಳುವ ಹಾಗೆ ‘ಚೆನ್ನಾಗೈತೆ ಕೂಸು’ ಅನ್ನುವಳು. ಅವಳು ಹಾಗೆ ಅಂದ ಮೇಲೇ ತಾಯಿ ಕೈ ಚಾಚಬೇಕು. ಅಲ್ಲಿಯವರೆಗೆ ಕೂಸು ಅವಳದು. ಅದು ನಮ್ಮ ಕಡೆಯ ಪದ್ಧತಿ.

ಈ ಅಧಿಕಾರವನ್ನು ಅವಳು ಆಮೇಲೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಬೆಂಗಳೂರಿನಿಂದ ಬಂದಿದ್ದ ದೊಡ್ಡ ಹುದ್ದೆಯ ಸಾಹೇಬರೊಬ್ಬರನ್ನು ತಡೆದು ನಿಲ್ಲಿಸಿದಳು. ‘ನಿನ್ನ ಎಡಗಾಲು ಒಳಕ್ಕೆ ತಿರುಗಿತ್ತು ಕಣಪ್ಪ. ನಾನು ನೀವಿ ನೀವಿ ಸರಿ ಮಾಡ್ದೆ. ಎಲ್ಲಿ, ನಡಿ ನೋಡಾಣ.’ ಅವರು ಸೂಟು ಹಾಕಿಕೊಂಡು, ಅಷ್ಟು ಜನರ ಎದುರು, ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಅಜ್ಜಿ ತಲೆ ಆಡಿಸಿ ಪಾಯಸ ಹಾಕಿಸಿಕೊಂಡಳು.

ನನ್ನನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ನಲ್ಲಿ, ಪೈಪಿನ ಕೆಲಸ ಮಾಡುವವನು. ಅದಕ್ಕೆ ನನ್ನ ಹೆಸರು ‘ಪೈಪು’.

ಅಕ್ಕ ಬಾಣಂತನಕ್ಕೆ ಸಿಂಗಟಗೆರೆಯ ಗಂಡನ ಮನೆಯಿಂದ ನಮ್ಮ ಮನೆಗೆ ಬಂದಾಗ ನಾನು ಪೈಪು ಬಿಟ್ಟು ಇನ್ನೊಂದು ವಿದ್ಯೆ ಹಿಡಿದೆ. ಮಕ್ಕಳು ಹೇಗೆ ಬೆಳೆಯುತ್ತವೆ ಅನ್ನುವುದು. ಯಾರೂ ಹೇಳಿಕೊಟ್ಟಿಲ್ಲ, ಎಲ್ಲ ಫೋನಿನಲ್ಲಿ ನೋಡಿದ್ದು. ನನಗೆ ಒಂದು ವಿಷಯ ಹಿಡಿಸಿದರೆ ಊಟ ಸೇರುವುದಿಲ್ಲ. ಎಷ್ಟನೆಯ ತಿಂಗಳಿಗೆ ಕತ್ತು ನಿಲ್ಲಬೇಕು, ಯಾವಾಗ ಮಗುಚಬೇಕು, ಯಾವಾಗ ಕೂರಬೇಕು ಎಂದು ದೊಡ್ಡ ಹಾಳೆಯಲ್ಲಿ ಬಣ್ಣದ ಪೆನ್ನಿನಿಂದ ಬರೆದು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದೆ. ಅಜ್ಜಿಗೆ ಓದಲು ಬಾರದು. ಸೊಂಟಕ್ಕೆ ಕೈ ಇಟ್ಟುಕೊಂಡು ನೋಡಿದಳು.

‘ಏನ್ಲಾ ಪೈಪು ಇದು? ರೈಲು ಬರೋ ಟೈಮಾ?’

‘ಕೂಸು ಯಾವಾಗ ಏನು ಮಾಡ್ಬೇಕು ಅಂತ ಅಜ್ಜಿ.’

‘ಓ. ಕೂಸಿಗೆ ತೋರಿಸ್ದಾ? ಅದು ಒಪ್ಕಂತಾ?’

ಅಕ್ಕ ಹೊಲಿಗೆ ನೋವಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಎರಡನೆಯ ತಿಂಗಳು. ಆ ದಿನ ಅಜ್ಜಿಯೂ ನಕ್ಕಳೇ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ಗೊತ್ತಾಗುತ್ತಿಲ್ಲ.

ಮೂರು ತಿಂಗಳು ತುಂಬಿತು. ಅಕ್ಕನ ಕೂಸು ಪುಟ್ಟಿಯ ಕತ್ತು ಇನ್ನೂ ನಿಂತಿರಲಿಲ್ಲ. ಕೆಲವಕ್ಕೆ ತಡವಾಗುತ್ತದೆ ಎಂದು ನನ್ನ ಫೋನಿನಲ್ಲೇ ಇತ್ತಲ್ಲ, ನಾನು ಹಾಳೆಯಲ್ಲಿ ಗೆರೆಯನ್ನು ಒಂದಿಷ್ಟು ಮುಂದಕ್ಕೆ ಎಳೆದೆ. ಅಮ್ಮ ಅಜ್ಜಿಗೆ ಸೀರೆ, ಎಲೆ ಅಡಿಕೆ ಕೊಟ್ಟು ಕಳಿಸಲು ತಯಾರಿ ಮಾಡಿದಳು. ಅಜ್ಜಿ ಸೀರೆ ಮುಟ್ಟಲಿಲ್ಲ. ‘ಇನ್ನೊಂದೆರಡು ತಿಂಗ್ಳು ಹಾಕ್ತೀನಿ ಕಣವ್ವ. ಹೆಣ್ಕೂಸು, ನೀಟಾಗಿ ನೀವ್ಬೇಕು’ ಅಂದಳು. ಅವಳು ಹೋದ ಮೇಲೆ ಅಮ್ಮ, ‘ಸೀರೆ ಬಣ್ಣ ಹಿಡಿಸ್ಲಿಲ್ಲ ಅಂತ ಕಾಣುತ್ತೆ’ ಅಂದಳು. ನಾನೂ ಸೇರಿಸಿದೆ, ‘ರೇಷ್ಮೆ ಬೇಕೇನೋ ಮುದುಕಿಗೆ.’ ಅಂದೆ ನಿಜ, ಮುಚ್ಚಿಡುವುದಿಲ್ಲ.

ಎರಡು ತಿಂಗಳು ಬಂದಳು. ಮೊದಲಿಗಿಂತ ಹೆಚ್ಚು ಹೊತ್ತು ಬಚ್ಚಲಿನಲ್ಲಿ ಇರುತ್ತಿದ್ದಳು. ಹಂಡೆಯ ನೀರು ತಣ್ಣಗಾಗಿ ಮತ್ತೆ ಉರಿ ಹಾಕಬೇಕಾಗುತ್ತಿತ್ತು. ಹೊರಗೆ ಬರುವಾಗ ಪ್ರತಿ ದಿನವೂ ಅದೇ ಮಾತು, ಚೆನ್ನಾಗೈತೆ ಕೂಸು.

ಐದು ತುಂಬಿದ ಮೇಲೆ ಭಾವ ಬಂದು ಅಕ್ಕನನ್ನೂ ಪುಟ್ಟಿಯನ್ನೂ ಸಿಂಗಟಗೆರೆಗೆ ಕರೆದುಕೊಂಡು ಹೋದರು. ಅವರ ಮನೆಯಲ್ಲಿ ತೆಂಗಿನ ತೋಟ, ತುಂಬಿದ ಸಂಸಾರ, ಅಕ್ಕನ ಅತ್ತೆಯದೇ ಮಾತು. ‘ನಮ್ಮನೇಲಿ ಎಲ್ಲಾ ನಿಧಾನಕ್ಕೇ ನಡ್ದಿರೋದು. ಇವ್ಳಪ್ಪ ಎರಡು ವರ್ಷಕ್ಕೆ ನಡ್ದ. ಈಗ ನೋಡು, ತೆಂಗಿನ ಮರ ಹತ್ತಲ್ವಾ?’ ಎಂದು ಆಯಮ್ಮ ಅನ್ನುತ್ತಿದ್ದರಂತೆ. ಮಠಕ್ಕೆ ಹೋಗಿ ತಾಯತ ಕಟ್ಟಿಸಿದರು. ಪುಟ್ಟಿ ಕೂರಲಿಲ್ಲ. ಹೆಗಲ ಮೇಲೆ ಹಾಕಿಕೊಂಡರೆ ಒದ್ದೆ ಟವೆಲ್ಲಿನ ಹಾಗೆ ಇರುತ್ತಿದ್ದಳು. ಹನ್ನೊಂದನೆಯ ತಿಂಗಳಿಗೆ ಅಕ್ಕ ಒಂದು ಬ್ಯಾಗು, ಪುಟ್ಟಿ ಎರಡನ್ನೂ ಎತ್ತಿಕೊಂಡು ಒಬ್ಬಳೇ ಬಸ್ಸಿಳಿದು ಬಂದಳು.

ಕಡೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಪುಟ್ಟಿಯ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿದರು. ತಲೆ ಹಿಂದಕ್ಕೇ ಬಿತ್ತು. ಮಿದುಳಿನಿಂದ ಮೈಗೆ ಹೋಗಬೇಕಾದ ಅಪ್ಪಣೆ ಸರಿಯಾಗಿ ಹೋಗುತ್ತಿಲ್ಲ, ಥೆರಪಿ ಶುರು ಮಾಡಿ, ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಅಂದರು. ಆಮೇಲೆ ಬರೆಯುತ್ತಾ ಬರೆಯುತ್ತಾ, ‘ಇನ್ನೂ ಮುಂಚೆ ಬಂದಿದ್ದರೆ ಒಳ್ಳೇದಿತ್ತು. ಯಾರಿಗೂ ಗೊತ್ತಾಗಲಿಲ್ವಾ?’ ಎಂದು ಕೇಳಿದರು.

ಯಾರಿಗೂ ಗೊತ್ತಾಗಲಿಲ್ಲವಾ? ರೈಲಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಇದೇ. ಇಳಿದವನು ಮನೆಗೂ ಹೋಗದೆ, ಪುಟ್ಟಿಯನ್ನು ಎತ್ತಿಕೊಂಡು ನೇರ ಅಜ್ಜಿಯ ಮನೆಗೆ ನಡೆದೆ. ಅಕ್ಕ ಹಿಂದೆ ಬಂದಳು. ಅಜ್ಜಿ ಜಗಲಿಯ ಮೇಲೆ ಹುಣಸೆ ಬೀಜ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಏನೂ ಕೇಳದೆ, ಕಾಲು ಚಾಚಿ ಪುಟ್ಟಿಯನ್ನು ಮಲಗಿಸಿಕೊಂಡಳು. ಬೆನ್ನ ಮೇಲೆ ಅಂಗೈ ಆಡಿಸಿದಳು.

‘ಹಂಗೇ ಐತೆ’ ಅಂದಳು.

‘ಹಂಗೇ ಅಂದ್ರೆ? ನಿಂಗೆ ಗೊತ್ತಿತ್ತಾ?’

‘ಎರಡ್ನೇ ತಿಂಗ್ಳಿಗೇ ಗೊತ್ತಾಯ್ತು ಕಣೋ. ತನ್ನ ತಾನೇ ಹಿಡ್ಕಳೋ ಕೂಸು ಕೈಗೆ ಹಗುರ ಬತ್ತೈತೆ. ಇದು ಭಾರ ಬಂತು.’

ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ದಿನಾ ಚೆನ್ನಾಗೈತೆ ಚೆನ್ನಾಗೈತೆ ಅಂತ ಯಾಕಂದೆ, ಒಂಬತ್ತು ತಿಂಗಳು ಹಾಳಾಯ್ತಲ್ಲ, ಆ ಒಂಬತ್ತು ತಿಂಗಳು ತಂದುಕೊಡ್ತೀಯಾ ಅಂದೆ. ಅವಳು ತಲೆ ಎತ್ತಲಿಲ್ಲ. ಅಕ್ಕನಿಗೆ ಮಾತ್ರ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ಬಹಳ ಹಿಂದೆ ತರೀಕೆರೆಯಲ್ಲಿ ಒಂದು ಮನೆಗೆ ನೀರು ಹಾಕಲು ಹೋಗಿದ್ದಾಗ, ಅಲ್ಲಿಯ ಕೂಸೂ ಹೀಗೇ ಭಾರ ಬಂದಿತ್ತಂತೆ. ಬಾಯಿ ಬಿಟ್ಟು ಹೇಳಿದ್ದಳು. ಗಂಡನ ಕಡೆಯವರು ಆ ಬಾಣಂತಿಯನ್ನು ಕರೆಯಲು ಬರಲೇ ಇಲ್ಲ. ವರ್ಷ ತುಂಬುವಷ್ಟರಲ್ಲಿ ಅವನಿಗೆ ಬೇರೆ ಮದುವೆ.

‘ಆ ಹುಡ್ಗಿ ನನ್ನ ಕಾಲಿಗೆ ಬಿದ್ದು, ಯಾಕಜ್ಜಿ ಹೇಳ್ದೆ ಅಂದ್ಲು ಕಣವ್ವ. ಅವತ್ತಿಂದ ಬಾಯಿ ಹೊಲ್ಕಂಡೆ.’

‘ನನ್ನ ಹತ್ರ ಹೇಳ್ಬೋದಿತ್ತಲ್ಲಜ್ಜಿ’ ಅಂದಳು ಅಕ್ಕ. ಬೈಗುಳ ಇರಲಿಲ್ಲ ಆ ಮಾತಿನಲ್ಲಿ.

ಅಜ್ಜಿ ಪುಟ್ಟಿಯ ಕಾಲು ನೀವಿದಳು. ‘ನನ್ನ ಕೈಲೇ ಸರಿ ಹೋಗುತ್ತೆ ಅನ್ಕಂಡೆ ಕಣೇ. ಎಷ್ಟು ಜನದ ಕೈಕಾಲು ತಿರುಗಿಸಿದೀನಿ. ಇದೂ ತಿರುಗುತ್ತೆ ಅಂತ ಎರಡು ತಿಂಗ್ಳು ಜಾಸ್ತಿ ಕೇಳ್ದೆ. ಸೊಕ್ಕು, ಇನ್ನೇನು.’

ನಾನು ಆ ದಿನ ಕ್ಷಮಿಸಲಿಲ್ಲ. ಗೋಡೆಯ ಹಾಳೆಯನ್ನು ಹರಿದು ಒಲೆಗೆ ಹಾಕಿದ್ದು ಮಾತ್ರ ಅದೇ ದಿನ. ನಾನೂ ಗೆರೆ ಎಳೆದು ಕೂತಿದ್ದವನಲ್ಲವೇ.

ಗುರುವಾರ ತರೀಕೆರೆಯ ಬಸ್ಸಿಗೆ ನಾವು ಹೋದರೆ, ಸ್ಟಾಪಿನಲ್ಲಿ ಅಜ್ಜಿ ಮೊದಲೇ ನಿಂತಿದ್ದಳು. ತರೀಕೆರೆಯ ಒಂದು ಸಣ್ಣ ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಥೆರಪಿಯ ಮೇಡಂ ಬರುತ್ತಿದ್ದರು. ‘ನೀನ್ಯಾಕೆ?’ ಅಂದೆ. ‘ನಿನ್ನ ಜತೆ ಬತ್ತಿಲ್ಲ ಕಣೋ ನಾನು, ಕೂಸಿನ ಜತೆ ಬತ್ತಿದೀನಿ’ ಅಂದಳು. ಬಸ್ಸಿನಲ್ಲಿ ಪುಟ್ಟಿಯನ್ನು ತಾನೇ ಮಡಿಲಿಗೆ ಹಾಕಿಕೊಂಡಳು. ಪಕ್ಕದ ಹೆಂಗಸು ಬಗ್ಗಿ, ‘ಯಾಕಜ್ಜಿ ಕೂಸು ಹಂಗೆ ವಾಲ್ಕಂಡೈತೆ?’ ಎಂದು ಕೇಳಿದಳು.

‘ನಿದ್ದೆ ಕಣವ್ವ.’

‘ಕಣ್ಣು ಬಿಟ್ಕಂಡೈತಲ್ಲ?’

‘ನಿಂಗ್ಯಾಕೆ, ನಮ್ಮ ಕೂಸು ಕಣ್ಣು ಬಿಟ್ಕಂಡೇ ನಿದ್ದೆ ಮಾಡೋದು. ಮೀನಿನ ಜಾತಿ.’

ಮೇಡಂ ವಯಸ್ಸು ನನ್ನದೇ ಇರಬೇಕು. ಚಾಪೆಯ ಮೇಲೆ ಪುಟ್ಟಿಯನ್ನು ಬೋರಲು ಮಲಗಿಸಿ, ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮುಂದೆ ಗಿಲಕಿ ಆಡಿಸಿದರು. ಎಣ್ಣೆ ಹಾಕಿ ಜೋರಾಗಿ ಜಗ್ಗಬಾರದು ಎಂದು ಅಜ್ಜಿಗೆ ಕಟ್ಟುನಿಟ್ಟಾಗಿ ಹೇಳಿದರು. ಇನ್ನೇನು ಜಗಳ ಆಗುತ್ತದೆ ಅಂದುಕೊಂಡೆ. ಅಜ್ಜಿ ತನ್ನ ಬಲಗೈ ಚಾಚಿ, ‘ಎಷ್ಟು ಜೋರು ಅಂತ ನನ್ನ ಕೈ ಮೇಲೆ ತೋರಿಸವ್ವ’ ಅಂದಳು. ಮೇಡಂ ಒತ್ತಿ ತೋರಿಸಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ, ಇನ್ನೊಂದು ಸಲ, ಎಂದು ನಾಲ್ಕು ಸಲ ಒತ್ತಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ‘ಆ ಹುಡ್ಗಿ ಕೈಗೆ ವಿದ್ಯೆ ಐತೆ’ ಅಂದಳು. ನಾನು ಎಲ್ಲವನ್ನೂ ಫೋನಿನಲ್ಲಿ ವೀಡಿಯೋ ಮಾಡಿಕೊಂಡಿದ್ದೆ. ಮನೆಯಲ್ಲಿ ಮಾಡಲು ಹೋದರೆ ನನ್ನ ಕೈಯಲ್ಲಿ ಪುಟ್ಟಿ ಅತ್ತಳು, ಅಜ್ಜಿಯ ಕೈಯಲ್ಲಿ ಅಳಲಿಲ್ಲ. ವರ್ಷಕ್ಕೂ ಮಿಕ್ಕಿ ಅವಳು ದಿನಕ್ಕೆ ಎರಡು ಸಲ ಬಂದಳು. ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಬೇರೇನನ್ನೂ ಮುಟ್ಟಲಿಲ್ಲ.

ಬೋರಲು ಮಲಗಿ ತಲೆ ಎಷ್ಟು ಹೊತ್ತು ಎತ್ತುತ್ತಾಳೆ ಎಂದು ಅಜ್ಜಿ ಎಣಿಸುತ್ತಿದ್ದಳು. ಒಂದು ದಿನ ಹನ್ನೆರಡರವರೆಗೆ ಹೋಯಿತು. ‘ಹನ್ನೆಲ್ಡು! ಲೇ ಪೈಪು, ಹನ್ನೆಲ್ಡು ಕಣ್ಲಾ!’ ಎಂದು ಬೀದಿಗೆ ಓಡಿಹೋಗಿ ಅಂಗಡಿಯವನಿಗೂ ಹೇಳಿ ಬಂದಳು. ಮಾರನೆಯ ದಿನ ನಾಲ್ಕು. ಅದರ ಮಾರನೆಯ ದಿನ ಜ್ವರ. ಆಮೇಲೆ ಏಳಕ್ಕಿಂತ ಮೇಲೆ ಹೋದದ್ದು ನನಗೆ ನೆನಪಿಲ್ಲ. ಅಜ್ಜಿ ಹನ್ನೆರಡು ಅನ್ನುವುದನ್ನು ಕಾಯುತ್ತಲೇ ಇದ್ದಳು.

ನಿಲ್ಲಿಸುವ ಚೌಕಟ್ಟು ಬೇಕು ಎಂದು ಮೇಡಂ ಹೇಳಿದಾಗ ನನಗೆ ಹಬ್ಬ. ಪೈಪು ನನ್ನ ಕೈಯಲ್ಲಿದೆ! ಅವರು ಬರೆದುಕೊಟ್ಟ ಚಿತ್ರ ನೋಡಿ ಎರಡು ದಿನದಲ್ಲಿ ಮಾಡಿದೆ. ಎದೆಗೆ, ಸೊಂಟಕ್ಕೆ, ಮಂಡಿಗೆ ಪಟ್ಟಿ. ಅಜ್ಜಿ ಬಂದು ಪುಟ್ಟಿಯ ಹಿಮ್ಮಡಿಯಿಂದ ಕಂಕುಳವರೆಗೆ ಗೇಣು ಹಾಕಿದಳು, ಪೈಪಿಗೂ ಹಾಕಿದಳು. ‘ಇದು ನಿನಗಾ ಕೂಸಿಗಾ? ಕೂಸು ಇದ್ರೊಳಗೆ ಬಾವೀಲಿ ಬಿದ್ದಂಗೆ ಕಾಣುತ್ತೆ.’ ಒಂದು ಗೇಣು ಕತ್ತರಿಸಿದೆ. ಮೇಡಂ ನೋಡಿ ಸರಿ ಇದೆ ಅಂದ ಮೇಲೆ ಪುಟ್ಟಿಯನ್ನು ಅದರಲ್ಲಿ ನಿಲ್ಲಿಸಿದೆವು. ಹುಟ್ಟಿದ ಮೇಲೆ ಮೊದಲ ಸಲ ಅವಳ ಮುಖ ನಮ್ಮ ಎದುರಿಗೆ, ನೇರ. ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದೇ ಹೊತ್ತಿಗೆ ಭಾವ ಬರಬೇಕೇ. ಪುಟ್ಟಿಗೆ ಅಂಗವಿಕಲರ ಕಾರ್ಡು ಮಾಡಿಸಲು ಅಪ್ಪನ ಆಧಾರ್, ಸಹಿಯೇ ಬೇಕು ಎಂದು ಆಫೀಸಿನವರು ಅಂದಿದ್ದರು, ಅದಕ್ಕೇ ಕರೆಸಿದ್ದೆವು. ಬಾಗಿಲಲ್ಲೇ ನಿಂತರು.

‘ಇದೇನು, ಕರು ಕಟ್ಟಿದಂಗೆ ಕಟ್ಟಿದೀರಿ?’

‘ಕಟ್ಟಿಲ್ಲ ಭಾವ, ನಿಲ್ಲಿಸಿದೀವಿ’ ಅಂದೆ.

ಕಾಗದ ಕೈಯಲ್ಲಿ ಹಿಡಿದುಕೊಂಡು ನೋಡಿದರು. ‘ಇದ್ರ ಮೇಲೆ ಸೈನ್ ಹಾಕಿದ್ರೆ ನಾಳೆ ಊರಲ್ಲೆಲ್ಲಾ ಅದೇ ಹೆಸ್ರಾಗುತ್ತೆ. ಅಮ್ಮ ಬ್ಯಾಡ ಅಂದವ್ಳೆ’ ಅಂದರು. ಅವರು ಕೆಟ್ಟವರಲ್ಲ, ಬಗ್ಗಿ ಪುಟ್ಟಿಯ ಬಾಯಿಯ ಜೊಲ್ಲನ್ನು ತಮ್ಮ ಕರ್ಚೀಫಿನಿಂದ ಒರೆಸಿದರು. ಅಜ್ಜಿ ಎದ್ದು ಬಂದು ಅವರ ಮುಂದೆ ಕೈ ಮುಗಿದು ನಿಂತಳು. ದೊಡ್ಡ ಸಾಹೇಬರನ್ನು ನಡೆಸಿ ನೋಡಿದವಳು.

‘ಅಪ್ಪ, ನಾನು ಸುಮ್ಕಿದ್ದು ಕೂಸಿಗೆ ಒಂಬತ್ತು ತಿಂಗ್ಳು ಕಳ್ದೆ. ನೀನೂ ಸುಮ್ಕಿರ್ಬ್ಯಾಡ.’

ಭಾವ ಅವಳ ಮುಗಿದ ಕೈಗಳನ್ನು ಇಳಿಸಿ, ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಅಮ್ಮನನ್ನು ಒಪ್ಪಿಸಿ ತರುತ್ತೇನೆ ಅಂದರು. ಆಮೇಲೆ ಬಂದಿಲ್ಲ. ಫೋನು ಮಾಡಿದರೆ ತೋಟದಲ್ಲಿ ಇದ್ದೀನಿ ಅನ್ನುತ್ತಾರೆ. ಅಜ್ಜಿ ಹೇಳಿದ ಆ ತರೀಕೆರೆಯ ಕಥೆ ನಮ್ಮ ಮನೆಗೆ ಹೀಗೆ ಬಂತು, ಅವಳು ಬಾಯಿ ಹೊಲಿದುಕೊಂಡಿದ್ದರೂ.

ಮಳೆಗಾಲದ ಕೊನೆಗೆ ಥೆರಪಿಯ ಮೇಡಂ ಮದುವೆಯಾಗಿ ಬೇರೆ ಊರಿಗೆ ಹೋದರು. ಕೊನೆಯ ಗುರುವಾರ ಅಜ್ಜಿ ಅವರ ಕೈಗೆ ಬಳೆ ತೊಡಿಸಿದಳು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಲಿತದ್ದನ್ನೇ ಅಜ್ಜಿ ಮುಂದುವರಿಸಿದಳು. ಈ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬರಲಿಲ್ಲ. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಒಂದು ಪಕ್ಕಕ್ಕೆ ಬಿದ್ದಿದ್ದಳು. ಲಕ್ವ. ಬಲಗೈ, ಬಲಗಾಲು, ಅರ್ಧ ಬಾಯಿ.

ಅವಳಿಗೆ ಮಕ್ಕಳಿರಲಿಲ್ಲ. ತಂಗಿಯ ಸೊಸೆಯೊಬ್ಬಳು ಬಂದು ನೋಡಿಕೊಂಡಳು, ಎತ್ತುವುದಕ್ಕೆ ಮಾತ್ರ ಅವಳ ಕೈಲಾಗುತ್ತಿರಲಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ನಾನು ಹೋಗಿ ಅಜ್ಜಿಯನ್ನು ಬಚ್ಚಲ ಮಣೆಯ ಮೇಲೆ ಕೂರಿಸಿ ಬರುತ್ತಿದ್ದೆ. ಮೊದಲ ದಿನ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಒಣಗಿದ ಸೌದೆಯ ಹಾಗಿದ್ದ ಮುದುಕಿ, ಅಷ್ಟು ಭಾರ. ತಲೆ ನನ್ನ ಭುಜದ ಮೇಲೆ ಒರಗಿತ್ತು.

‘ಭಾರ ಬತ್ತೀನೇನ್ಲಾ?’ ಮಾತು ತೊದಲುತ್ತಿತ್ತು, ಆದರೂ ತಿಳಿಯಿತು.

‘ಇಲ್ಲಜ್ಜಿ. ಹಗುರ ಬತ್ತೀಯ.’

ಅರ್ಧ ಬಾಯಲ್ಲಿ ನಕ್ಕಳು. ‘ನೀನೂ ಕಲ್ತ್‌ಬಿಟ್ಟೆ’ ಅಂದಳು.

ನಾನು ಅವಳನ್ನು ಕ್ಷಮಿಸಿದ್ದು ಅಲ್ಲೇ ಇರಬೇಕು. ಬಾಯಿಂದ ಹೇಳಲಿಲ್ಲ. ಪುಟ್ಟಿಯನ್ನು ಒಂದೆರಡು ಸಲ ಕರೆದುಕೊಂಡು ಹೋಗಿ ಅವಳ ಪಕ್ಕ ಮಲಗಿಸಿದೆವು. ಇಬ್ಬರೂ ಸೂರು ನೋಡುತ್ತಾ ಮಲಗಿರುತ್ತಿದ್ದರು. ಅಜ್ಜಿಯ ಎಡಗೈ ಒಂದು ಆಡುತ್ತಿತ್ತಲ್ಲ, ಅದರಿಂದ ಪುಟ್ಟಿಯ ಹೊಟ್ಟೆಯ ಮೇಲೆ ಮೇಡಂ ತೋರಿಸಿದ ಅಳತೆಯಲ್ಲೇ ಒತ್ತುತ್ತಿದ್ದಳು. ಐದು ತಿಂಗಳು ಹೀಗೆ ಇದ್ದು ಹೋದಳು. ಮಣ್ಣಿಗೆ ಒಯ್ಯುವಾಗ ಹೆಗಲು ಕೊಡಲು ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಎಲ್ಲ ಅವಳ ಕಾಲ ಮೇಲೆ ಮಲಗಿದವರೇ. ಆ ಸಾಹೇಬರೂ ಬಂದಿದ್ದರು, ನೆಟ್ಟಗೆ ನಡೆದುಕೊಂಡು.

ಪುಟ್ಟಿಗೆ ಈಗ ಎರಡೂವರೆ ವರ್ಷ. ಕೂರಿಸಿದರೆ ಇನ್ನೂ ಬೀಳುತ್ತಾಳೆ. ಪೈಪಿನ ಚೌಕಟ್ಟು ಚಿಕ್ಕದಾಗಿದೆ, ದೊಡ್ಡದು ಮಾಡಬೇಕು, ನನ್ನ ಕೈ ಏಕೋ ಏಳುತ್ತಿಲ್ಲ. ಕಾಗದಕ್ಕೆ ಸಹಿ ಬಂದಿಲ್ಲ. ಮಂಗಳವಾರ ಮಂಗಳವಾರ ಬೆಳಗಿನ ರೈಲಿಗೆ ಕಡೂರಿಗೆ ಹೋಗಿ, ಅಲ್ಲಿಂದ ಬಸ್ಸಿಗೆ ಚಿಕ್ಕಮಗಳೂರಿನ ಥೆರಪಿಗೆ ಹೋಗುತ್ತೇವೆ. ಅಲ್ಲಿಯವರು ಕೂಡ ಒಳ್ಳೆಯವರೇ. ಎಷ್ಟು ಬರುತ್ತದೆ ಎಂದು ಅವರೂ ಹೇಳುವುದಿಲ್ಲ. ನಾನೂ ಫೋನಿನಲ್ಲಿ ಹುಡುಕುವುದನ್ನು ಬಿಟ್ಟಿದ್ದೇನೆ.

ಅಜ್ಜಿ ಹೋದ ಮೇಲಿನ ಮೊದಲ ಮಂಗಳವಾರ ನಿನ್ನೆ ಇತ್ತು. ರೈಲು ನಿಂತಾಗ ಯಾವಾಗಿನಂತೆ ಅಕ್ಕ ಮೊದಲು ಹತ್ತಿದಳು. ನಾನು ಕೆಳಗಿನಿಂದ ಪುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಇನ್ನೂ ಭಾರವೇ ಎಂದು ಕೈಗೆ ತಿಳಿಯಿತು. ಅಕ್ಕ ಬಾಗಿಲ ಕಂಬಿ ಹಿಡಿದು ಬಗ್ಗಿದವಳು, ಕೂಸನ್ನು ತೆಗೆದುಕೊಳ್ಳದೆ, ಅಜ್ಜಿಯ ಮಾತಿಗೆ ಕಾದು ಬಚ್ಚಲ ಬಾಗಿಲಲ್ಲಿ ನಿಂತ ಬಾಣಂತಿಯ ಹಾಗೆ ನನ್ನ ಮುಖವನ್ನೇ ನೋಡಿದಳು.

‘ಹೆಂಗೈತೋ?’

‘ತಗಳಕ್ಕ ಬೇಗ’ ಅಂದೆ. ‘ಹಿಂದೆ ಜನ ಅವ್ರೆ.’